ಬುಟ್ಟಿಯ ಕೆಳಗೆ ನಲವತ್ತು ಮಾಸ್ತರರು

ಕಳೆದ ಆಷಾಢದಲ್ಲಿ ಕನ್ನಡಕದ ಕಡ್ಡಿ ಮುರಿಯಿತೆಂದು ಸೋಲಾಪುರಕ್ಕೆ ಹೋಗಿದ್ದೆ. ವಿಜಾಪುರ ರಸ್ತೆಯಲ್ಲಿ ಕನ್ನಡಕದ ಅಂಗಡಿ ಇರುವುದು ಮಹಡಿಯ ಮೇಲೆ. ಮಳೆ ನಿಲ್ಲಲೆಂದು ಮೆಟ್ಟಿಲ ಬುಡದಲ್ಲಿ ಕಾಯುತ್ತಿದ್ದ ಕುರಿಗಾರನೊಬ್ಬ ತೊಯ್ದ ಕಂಬಳಿಯನ್ನು ಕೊಡವಿದ. ಆ ವಾಸನೆ ಗೊತ್ತಿಲ್ಲದವರಿಗೆ ಹೇಳಿ ಪ್ರಯೋಜನವಿಲ್ಲ, ಗೊತ್ತಿದ್ದವರಿಗೆ ಹೇಳುವ ಅಗತ್ಯವಿಲ್ಲ. ಅದು ಮೂಗಿಗೆ ಬಡಿಯುವುದಕ್ಕೂ ಗೋಡೆಯ ಮೇಲಿನ ಒಂದು ಬೋರ್ಡು ಕಣ್ಣಿಗೆ ಬೀಳುವುದಕ್ಕೂ ಸರಿಹೋಯಿತು. ಮಾನಸಿಕ ಸಲಹಾ ಕೇಂದ್ರ ಎಂದು ಮರಾಠಿಯಲ್ಲಿ ಬರೆದಿದ್ದರು. ಕೆಳಗೆ ಸಣ್ಣ ಅಕ್ಷರದಲ್ಲಿ: ನಿಮ್ಮ ವ್ಯಕ್ತಿತ್ವವನ್ನು ಅರಿಯಿರಿ, ಸಮಾಜದಲ್ಲಿ ನಿಮ್ಮ ಜಾಗವನ್ನು ಕಂಡುಕೊಳ್ಳಿರಿ. ಬಾಣದ ಗುರುತು ಮೇಲ್ಗಡೆ ತೋರಿಸುತ್ತಿತ್ತು.

ನಾನು ಅರ್ಧ ಮೆಟ್ಟಿಲಲ್ಲೇ ನಿಂತೆ. ಕಂಬಳಿಯ ವಾಸನೆಯನ್ನೂ ವ್ಯಕ್ತಿತ್ವವನ್ನೂ ಒಂದೇ ಗಂಟಿನಲ್ಲಿ ಕಟ್ಟಿ ನನ್ನ ತಲೆಯ ಮೇಲೆ ಹೊರಿಸಿದ ಮನುಷ್ಯ ಈ ಲೋಕದಲ್ಲಿ ಒಬ್ಬರೇ, ಇನಾಮದಾರ ಸರ್. ಅವರು ತೀರಿಕೊಂಡು ಬಹಳ ಕಾಲವಾಯಿತು. ಸತ್ತವರ ಬಗ್ಗೆ ಒಳ್ಳೆಯ ಮಾತನ್ನೇ ಆಡಬೇಕೆಂಬ ನಿಯಮ ನನಗೂ ತಿಳಿದಿದೆ. ಅದನ್ನು ಮಾಡಿದವರು ಸಾಯುವ ತಯಾರಿಯಲ್ಲಿದ್ದವರೇ ಇರಬೇಕು. ಕೆಲವರು ವಯಸ್ಸಾದಂತೆ ಹಳೆಯ ವೈರಗಳನ್ನು ಒಂದೊಂದಾಗಿ ಕಳಚಿಡುತ್ತಾರೆ. ನಾನು ಆ ಪೈಕಿಯಲ್ಲ. ಸಂಧಿವಾತ, ಕಣ್ಣಿನ ಪೊರೆ, ಇನಾಮದಾರ ಸರ್, ಈ ಮೂರನ್ನು ನಾನು ಶ್ರದ್ಧೆಯಿಂದ ಕಾಪಾಡಿಕೊಂಡು ಬಂದಿದ್ದೇನೆ.

ಅದು ಐವತ್ತರ ದಶಕದ ನಡುವಿನ ಒಂದು ವರ್ಷ. ರಾಜ್ಯಗಳ ಗಡಿಗಳನ್ನು ಭಾಷೆಯ ಪ್ರಕಾರ ಮತ್ತೆ ಎಳೆಯುವ ಮಾತು ನಡೆದಿತ್ತು. ಅಕ್ಕಲಕೋಟೆಯ ಕಡೆಯ ನಾವು ಯಾವ ರಾಜ್ಯಕ್ಕೆ ಸೇರಿದವರು ಎಂಬುದನ್ನು ದಿಲ್ಲಿಯಲ್ಲಿ ಯಾರೋ ತೀರ್ಮಾನಿಸುತ್ತಿದ್ದರು. ನಾನು ಯಾರಿಗೆ ಸೇರಿದವನು ಎಂಬುದನ್ನು ಸೋಲಾಪುರದಲ್ಲಿ ಇನಾಮದಾರ ಸರ್ ತೀರ್ಮಾನಿಸುತ್ತಿದ್ದರು. ದಿಲ್ಲಿಯ ತೀರ್ಮಾನವನ್ನಾದರೂ ಪ್ರಶ್ನಿಸಲು ಪಕ್ಷಗಳಿದ್ದವು.

ನಾನು ಕರಜಗಿಯ ಕುರುಬರ ಮನೆಯವನು. ಮನೆದೇವರು ಬೀರೋಬಾ, ಆದ್ದರಿಂದ ನನ್ನ ಹೆಸರು ಬೀರಪ್ಪ. ಈ ವಿಷಯದಲ್ಲಿ ಮನೆಯವರು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದೆ, ಊರ ಶಾಲೆಯಲ್ಲಿ ಕಲಿಸಿದೆ. ಒಂದೆರಡು ವರ್ಷ ಕಲಿಸಿದ ಮೇಲೆ, ಕಲಿಸುವುದು ಹೇಗೆಂದು ಕಲಿತುಕೊಂಡು ಬಾ ಎಂದು ಸರಕಾರ ನನ್ನನ್ನು ಸೋಲಾಪುರದ ಒಂದು ಟ್ರೇನಿಂಗ್ ಕಾಲೇಜಿಗೆ ಕಳಿಸಿತು. ಅಲ್ಲಿ ಕನ್ನಡದವರದೊಂದು ವರ್ಗವಿತ್ತು. ನಲವತ್ತರ ಆಸುಪಾಸು ಮಂದಿ, ಎಲ್ಲರೂ ಆಗಲೇ ಮಾಸ್ತರರು. ಕೆಲವರಿಗೆ ಮಕ್ಕಳೂ ಇದ್ದವು.

ವರ್ಷದ ಕೊನೆಗೆ ಅಕ್ಕಲಕೋಟೆಯ ಒಂದು ಕನ್ನಡ ಶಾಲೆಯಲ್ಲಿ ಜಾಗವೊಂದು ಖಾಲಿಯಾಗಲಿತ್ತು. ನನಗೆ ಬೇಕಾಗಿದ್ದುದು ಅದೊಂದೇ. ಅಕ್ಕಲಕೋಟೆಯಲ್ಲಿ ಶನಿವಾರ ಎಸ್.ಟಿ. ಬಸ್ಸು ಹತ್ತಿದರೆ ಸಂಜೆಯೊಳಗೆ ಕರಜಗಿ. ಅವ್ವನ ಕೈಯ ರೊಟ್ಟಿ, ಅಣ್ಣ ಸಿದ್ದನ ಗದ್ದಲ, ಕುರಿಹಟ್ಟಿಯ ವಾಸನೆ. ಸೋಮವಾರ ಮತ್ತೆ ಮಾಸ್ತರಿಕೆ. ಇದಕ್ಕಿಂತ ಹೆಚ್ಚಿನ ಮೋಕ್ಷವಿದೆಯೆಂದು ನನಗೆ ಯಾರೂ ಹೇಳಿರಲಿಲ್ಲ. ಯಾರು ಎಲ್ಲಿಗೆ ಹೋಗಬೇಕೆಂದು ಶಿಫಾರಸು ಮಾಡುವವರು ನಮಗೆ ಮನಶ್ಶಾಸ್ತ್ರ ಕಲಿಸುತ್ತಿದ್ದ ಇನಾಮದಾರ ಸರ್.

ಅವರು ಮುಂಬಯಿಗೆ ಹೋಗಿ ಒಂದು ಕೋರ್ಸು ಮುಗಿಸಿ ಆಗತಾನೆ ಮರಳಿದ್ದರು. ಬರುವಾಗ ಒಂದು ಕಂದು ಕೋಟು ಮತ್ತು ಒಂದು ಸಿದ್ಧಾಂತ ತಂದಿದ್ದರು. ಸೋಲಾಪುರದ ಬಿಸಿಲಿನಲ್ಲಿ ಕೋಟನ್ನು ಆಗಾಗ ಬಿಚ್ಚುತ್ತಿದ್ದರು, ಸಿದ್ಧಾಂತವನ್ನು ಬಿಚ್ಚುತ್ತಿರಲಿಲ್ಲ. ಅದು ಯುರೋಪಿನ ಯಾರೋ ಡಾಕ್ಟರರದು. ಮನುಷ್ಯನಿಗೆ ಹಸಿವು ನೀರಡಿಕೆಗಿಂತ ದೊಡ್ಡದಾದ ಒಂದು ಚಿಂತೆ ಇರುತ್ತದಂತೆ: ಈ ಮಂದಿಯೊಳಗೆ ನನ್ನ ಜಾಗ ಎಲ್ಲಿ? ಹುಟ್ಟಿದ ಮಗು ಅದನ್ನೇ ಹುಡುಕುತ್ತದಂತೆ. ಹುಡುಕುವ ರೀತಿಯೇ ಮುಂದೆ ಅದರ ಸ್ವಭಾವವಾಗುತ್ತದಂತೆ. ಜಾಗ ಸಿಕ್ಕವನು ಮಂದಿಯ ಕೆಲಸಕ್ಕೆ ಹೆಗಲು ಕೊಡುತ್ತಾನೆ. ಸಿಗದವನು ಮೊದಲು ಎಲ್ಲರೂ ತನ್ನನ್ನೇ ನೋಡಲಿ ಎನ್ನುತ್ತಾನೆ. ಅದು ಸಾಗದಿದ್ದರೆ ಅಧಿಕಾರ ನಡೆಸಲು ನೋಡುತ್ತಾನೆ. ಅದೂ ಸಾಗದಿದ್ದರೆ ಸೇಡಿಗೆ ಇಳಿಯುತ್ತಾನೆ. ಕೊನೆಗೆ ಕೈಚೆಲ್ಲಿ ಮೂಲೆ ಹಿಡಿಯುತ್ತಾನೆ. ಹಲಗೆಯ ಮೇಲೆ ಸರ್ ಇದನ್ನು ನಾಲ್ಕು ಮೆಟ್ಟಿಲಾಗಿ ಬರೆದರು. ನಾವು ನೋಟ್‌ಬುಕ್ಕಿಗೆ ಇಳಿಸಿಕೊಂಡೆವು. ಮೂರನೆಯ ಮೆಟ್ಟಿಲು ಮುಂದೆ ಉಪಯೋಗಕ್ಕೆ ಬರುತ್ತದೆಂದು ಆಗ ನನಗೆ ಗೊತ್ತಿರಲಿಲ್ಲ.

ಜುಲೈ ತಿಂಗಳು. ಮಳೆ ಬಂದೂ ಬಾರದ ಹಾಗೆ ಆಡುತ್ತಿತ್ತು. ಮಧ್ಯಾಹ್ನ ತಕಲಿಯಲ್ಲಿ ನೂಲು ತೆಗೆಯುವ ಪಾಠ ಮುಗಿದಿತ್ತು, ಎಲ್ಲರ ಬೆರಳಿಗೂ ಹತ್ತಿ ಅಂಟಿತ್ತು. ಸರ್ ಬಂದು, ಮನುಷ್ಯನ ಗುಟ್ಟೆಲ್ಲ ಅವನ ಮೊಟ್ಟಮೊದಲ ನೆನಪಿನಲ್ಲಿ ಇರುತ್ತದೆ ಎಂದು ಸಾರಿದರು. ಎದುರಿಗೆ ಕೂತಿದ್ದವನು ನಾನು.

"ಹೇಳ್ರಿ ಬೀರಪ್ಪ. ನಿಮಗ ಎಲ್ಲಾಕಿಂತ ಹಳೇ ನೆನಪು ಯಾವದು? ಹಿಂದಕ ಹಿಂದಕ ಹೋಗ್ರಿ, ಅವಸರ ಇಲ್ಲ."

"ಬುಟ್ಟಿರಿ ಸರ್."

"ಬುಟ್ಟಿ. ಮುಂದ?"

ಮುಂದೆ ಹೇಳಿದೆ. ತಾಯಿ ಕುರಿಗಳು ಮೇಯಲು ಹೋದಾಗ ಎಳೆಯ ಮರಿಗಳನ್ನು ಒಂದೆಡೆ ಕೂಡಿಸಿ ಮೇಲೆ ದೊಡ್ಡ ಬುಟ್ಟಿ ಬೋರಲು ಹಾಕುವುದು ನಮ್ಮವರ ರೂಢಿ. ಭೀಮಾ ನದಿಯ ದಂಡೆಯಲ್ಲಿ ನಮ್ಮ ಹಟ್ಟಿ ಬಿದ್ದಿತ್ತು. ನಾನು ಮರಿಗಳ ಸಂಗಡ ಬುಟ್ಟಿಯ ಕೆಳಗೆ ಹೊಕ್ಕಿದ್ದೆ. ಜೋರು ಮಳೆ ಬಂತು. ಕಡ್ಡಿಗಳ ಸಂದಿಯಿಂದ ನೋಡಿದರೆ ಬರೀ ಕಾಲುಗಳು. ಅವ್ವನ ಕಾಲು, ಅಪ್ಪನ ಕಾಲು, ಕೆಸರಿನಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದವು. ನನ್ನನ್ನೇ ಹುಡುಕುತ್ತಿದ್ದರು. ಒಳಗೆ ಮರಿಗಳು ಬೆಚ್ಚಗಿದ್ದವು. ನಾನು ಕೂಗಲಿಲ್ಲ.

ಹೇಳಿ ಮುಗಿಸಿದಾಗ ನನಗೇ ಅದು ಚಂದ ಕಂಡಿತ್ತು. ಸರ್ ಕಣ್ಣು ಮುಚ್ಚಿ ನಿಂತಿದ್ದರು, ದೇವರು ಮೈಮೇಲೆ ಬರುವ ಮೊದಲು ಪೂಜಾರಿ ನಿಲ್ಲುವ ಹಾಗೆ. ಬಂತು.

"ಲಕ್ಷ್ಯ ಕೊಟ್ಟು ಕೇಳ್ರಿ ಎಲ್ಲಾರೂ. ಈತ ಕೂಗಲಿಲ್ಲ. ಕೂಸು ಅಂದಮ್ಯಾಲ ಕೂಗತದ. ಈತ ಯಾಕ ಕೂಗಲಿಲ್ಲ? ಈತಗ ಹುಡುಕಿಸಿಕೊಳ್ಳೂದು ಬೇಕಾಗ್ಯದ. ತಾನಾಗಿ ಮಂದಿಯೊಳಗ ಬರಂಗಿಲ್ಲ, ಮಂದೀನ ಇವನ ಕಡೆ ಬರಬೇಕು. ಬುಟ್ಟಿ ಒಳಗ ಕುಂತು ಸಂದಿಲಿಂದ ನೋಡ್ತಾನ. ಅದೂ ಮಾರಿ ಅಲ್ಲ, ಕಾಲು. ಬೀರಪ್ಪ, ಬ್ಯಾಸರ ಮಾಡ್ಕೋಬ್ಯಾಡ್ರಿ, ನೀವು ಇನ್ನೂ ಆ ಬುಟ್ಟಿ ಕೆಳಗ ಇದ್ದೀರಿ."

"ಮರಿಗಳ ಜೋಡೀರಿ ಸರ್" ಎಂದು ಹಿಂದಿನ ಬೆಂಚಿನಿಂದ ಒಂದು ದನಿ ಬಂತು. ಅದು ನನ್ನ ಕೋಣೆಯ ಜೊತೆಗಾರ ಶಿವಲಿಂಗ, ಮೈಂದರ್ಗಿಯ ಕಿರಾಣಿ ಅಂಗಡಿಯವರ ಮಗ. ವರ್ಗವೆಲ್ಲ ನಕ್ಕಿತು. ಸರ್ ನಗುವುದನ್ನು ತಡೆಯಲಿಲ್ಲ; ಗುಂಪಿನ ನಗುವೂ ಅವರಿಗೆ ಸಿದ್ಧಾಂತಕ್ಕೆ ಬೇಕಾದ ಸಾಮಗ್ರಿ. ಗಂಟೆ ಬಾರಿಸುವವರೆಗೂ ಅವರು ನನ್ನ ಬುಟ್ಟಿಯ ಮೇಲೆ ವ್ಯಾಖ್ಯಾನ ಮಾಡಿದರು. ಸಂಜೆಗೆ ಹಾಸ್ಟೆಲಿನಲ್ಲಿ ನನ್ನ ಹೆಸರು ಬುಟ್ಟಿ ಮಾಸ್ತರ ಎಂದಾಗಿತ್ತು. ದಸರೆಯ ರಜೆಯಲ್ಲಿ ಅಕ್ಕಲಕೋಟೆಯ ಬಸ್ ಸ್ಟ್ಯಾಂಡಿನಲ್ಲಿ ಪರಿಚಯವೇ ಇಲ್ಲದ ಒಬ್ಬ ಮಾಸ್ತರರು, "ಬುಟ್ಟಿ ಅಂದ್ರ ನೀವ ಏನ್ರಿ?" ಎಂದು ಕೇಳಿದರು. ಎಸ್.ಟಿ. ಬಸ್ಸು ಆ ಕಾಲದಲ್ಲಿ ಮನುಷ್ಯರನ್ನು ನಿಧಾನವಾಗಿಯೂ ಮಾತನ್ನು ವೇಗವಾಗಿಯೂ ಸಾಗಿಸುತ್ತಿತ್ತು.

ಅಡ್ಡಹೆಸರು ಸಹಿಸಬಹುದಿತ್ತು. ದೀಪಾವಳಿಯ ನಂತರ ಸರ್ ನನ್ನನ್ನು ವರಾಂಡಕ್ಕೆ ಕರೆದರು.

"ಅಕ್ಕಲಕೋಟಿ ಸಾಲಿ ನಿಮಗ ಬ್ಯಾಡ ಬೀರಪ್ಪ. ಸಣ್ಣ ಸಾಲಿ, ಮನಿ ಹತ್ರ. ಅಲ್ಲಿ ಹೋದ್ರ ನೀವು ಮತ್ತ ಬುಟ್ಟಿ ಹುಡುಕ್ಕೊಂಡು ಕುಂಡ್ರತೀರಿ. ಬಾರ್ಶಿ ಕಡೆ ಒಂದು ದೊಡ್ಡ ಮರಾಠಿ ಸಾಲಿ ಅದ. ಗದ್ದಲ ಇರ್ತದ, ಮಂದಿ ಇರ್ತಾರ. ನಿಮ್ಮ ಒಳ್ಳೇದಕ್ಕ ಹೇಳ್ಲಿಕತ್ತೀನಿ."

"ಸರ್, ನನಗ ಮರಾಠಿ ಬಾಜಾರದಾಗ ಮಾತಾಡೋವಷ್ಟ ಬರ್ತೈತ್ರಿ."

"ಅದಕ್ಕ ಕಳಸ್ಲಿಕತ್ತೀನಿ. ಬರಲಾರದ ಊರಾಗ ಮನಶ್ಯಾ ಕೂಗಲೇಬೇಕು."

ಆ ಗಳಿಗೆಯಲ್ಲಿ ನಾನು ಅವರ ಹಲಗೆಯ ಮೂರನೆಯ ಮೆಟ್ಟಿಲಿಗೆ ಕಾಲಿಟ್ಟೆ. ಪಠ್ಯಕ್ರಮದ ಪ್ರಕಾರವೇ ಇಟ್ಟೆ ಎಂಬ ಸಮಾಧಾನ ನನಗಿದೆ.

ಮೊದಮೊದಲ ಸೇಡುಗಳು ಸಣ್ಣವು. ಸರ್ ನಮಸ್ಕಾರ ಎಂದರೆ ಒಂದು ಉಸಿರು ತಡೆದು ನಮಸ್ಕಾರ ಎನ್ನುತ್ತಿದ್ದೆ. ಪಾಠದ ನಡುವೆ ಅವರು ಜೋಕು ಮಾಡಿದರೆ ಕಿಟಕಿಯಾಚೆ ನೋಡುತ್ತಿದ್ದೆ. ಇಬ್ಬನಿ ಬಿದ್ದ ಬೆಳಗಿನಲ್ಲಿ ಅವರ ಸೈಕಲ್ ಸೀಟನ್ನು ಎದುರಿಗೆ ಸಿಕ್ಕ ವಿದ್ಯಾರ್ಥಿ ಒರೆಸಿ ಕೊಡುವ ಪದ್ಧತಿಯಿತ್ತು. ನನ್ನ ಎದುರಿಗೆ ಸಿಕ್ಕ ದಿನ ನಾನು ಆಕಾಶ ನೋಡಿದೆ. ಸರ್ ಒದ್ದೆ ಸೀಟಿನ ಮೇಲೆ ಕೂತು ಹೋದರು. ಮರುದಿನ ವರ್ಗದಲ್ಲಿ ಬಹಳ ಪ್ರೀತಿಯಿಂದ, "ನಮ್ಮ ಬೀರಪ್ಪ ಈಗ ಗಮನ ಬೇಡೂದು ಬಿಟ್ಟು ಅಧಿಕಾರದ ಕಡೆ ಹೊಂಟಾರ. ಪ್ರಗತಿ ಅದ" ಎಂದರು. ಈ ಮನುಷ್ಯನನ್ನು ಹೊಡೆಯುವುದು ಕಷ್ಟ ಎಂದು ನನಗೆ ಅರ್ಥವಾದದ್ದು ಆಗ. ಕಲ್ಲು ಒಗೆದರೆ ಒಗೆದವನ ಬಾಲ್ಯದ ಬಗ್ಗೆ ಭಾಷಣ ಮಾಡುವವರಿಗೆ ಯಾವ ಕಲ್ಲು ಒಗೆಯುವುದು?

ಚಳಿಗಾಲ ಕಳೆಯಿತು. ನಾವು ಊರ ಶಾಲೆಗಳಿಗೆ ಹೋಗಿ ಪಾಠ ಹೇಳಿ, ಮರಳಿ ಬಂದು ನೂಲು ತೆಗೆದು, ಬಟ್ಟೆ ಗಿರಣಿಯ ಸೈರನ್ನು, ಆ ಭೋಂಗಾ, ಕೂಗಿದಾಗ ಎದ್ದು ಮತ್ತೊಮ್ಮೆ ಕೂಗಿದಾಗ ಉಂಡೆವು. ಫಾಲ್ಗುಣದ ಬಿಸಿಲು ಏರುವ ಹೊತ್ತಿಗೆ ಸುದ್ದಿ ಬಂತು. ಪುಣೆಯಿಂದ ಇನ್ಸ್‌ಪೆಕ್ಟರ್ ಸಾಹೇಬರು ಬರುತ್ತಾರೆ. ಇನಾಮದಾರ ಸರ್ ಅವರೆದುರಿಗೆ ತಮ್ಮ ಸಿದ್ಧಾಂತವನ್ನು ಪ್ರಯೋಗ ಮಾಡಿ ತೋರಿಸುತ್ತಾರೆ. ಒಬ್ಬೊಬ್ಬರನ್ನೇ ಎಬ್ಬಿಸುತ್ತಾರೆ, ನಾವು ನಮ್ಮ ಮೊದಲ ನೆನಪು ಹೇಳಬೇಕು, ಅವರು ಅಲ್ಲಿಂದಲ್ಲೇ ನಮ್ಮ ವ್ಯಕ್ತಿತ್ವ ಬಿಡಿಸಿ ಇಡುತ್ತಾರೆ. ಇದು ಚೆನ್ನಾಗಿ ನಡೆದರೆ ಸರ್ ಪುಣೆಗೆ ದೊಡ್ಡ ಹುದ್ದೆಯ ಮೇಲೆ ಹೋಗುತ್ತಾರೆ ಎಂದು ಜವಾನನಿಂದ ತಿಳಿಯಿತು.

ವರ್ಗಕ್ಕೆ ವರ್ಗವೇ ನಡುಗಿತು. ನಾವು ಮಾಸ್ತರರು. ನಮ್ಮ ಪಾಲಿಗೆ ಪ್ರಶ್ನೆ ಎಂದರೆ ಅದಕ್ಕೊಂದು ಸರಿಯಾದ ಉತ್ತರ ಇರಬೇಕು. ತಪ್ಪು ನೆನಪು ಹೇಳಿ ಮಾರ್ಕು ಕಳೆದುಕೊಂಡರೆ ಏನು ಗತಿ ಎಂಬುದು ಮೆಸ್ಸಿನಲ್ಲಿ ಗಂಭೀರ ಚರ್ಚೆಯಾಯಿತು. ಶಿವಲಿಂಗ ಕಡಕ್ ರೊಟ್ಟಿಯನ್ನು ಮುರಿದು ಶೇಂಗಾ ಚಟ್ನಿಯಲ್ಲಿ ಅದ್ದುತ್ತ ನನ್ನನ್ನೇ ನೋಡುತ್ತಿದ್ದ.

"ನನಗಂತೂ ನೆನಪ ಇಲ್ಲೋ ಮಾರಾಯಾ. ಅಂಗಡಿ ಕಟ್ಟಿ ಮ್ಯಾಲ ಕುಂತಿದ್ದೆ, ದೊಡ್ಡಾವ ಆದೆ, ಎದ್ದು ಇಲ್ಲಿ ಬಂದೆ. ಇದನ್ನ ಹೇಳಿದ್ರ ಸಾಹೇಬ ಏನ್ ತಿಳ್ಕೋತಾನ?"

"ನೀ ಅಂಗಡಿ ಕಾಯೂ ವ್ಯಕ್ತಿತ್ವ ಅಂತ ತಿಳ್ಕೋತಾನ" ಎಂದೆ.

"ನಿನ್ನ ಬುಟ್ಟಿ ಛಲೋ ಐತಿ ನೋಡು. ಸರ್ ಅದರ ಮ್ಯಾಲ ಇಡೀ ಪಿರಡ್ ಮಾತಾಡ್ಯಾರ. ಬ್ಯಾರೆ ಯಾರ ನೆನಪಿಗೆ ಅಷ್ಟು ಮಾನ ಸಿಕ್ಕೈತಿ? ಪಾಸ್ ಆದ ಉತ್ತರಾ ಅದು. ನಮಗೂ ಕೊಡೋ."

ಅವನು ಹೇಳಿದ್ದು ತಮಾಷೆಗೆ. ನನ್ನ ಕೈಯ ರೊಟ್ಟಿ ಮಾತ್ರ ಅಲ್ಲೇ ನಿಂತಿತು. ಒಬ್ಬೊಬ್ಬ ಮನುಷ್ಯ ಒಂದೊಂದು ಪ್ರಪಂಚ, ಅವನ ಮೊದಲ ನೆನಪೇ ಅದರ ಕೀಲಿಕೈ ಎಂದು ಸಾರುವ ಸಿದ್ಧಾಂತ. ನಲವತ್ತು ಬೀಗಕ್ಕೂ ಒಂದೇ ಕೀಲಿಕೈ ಬಂದರೆ ಬೀಗ ಮಾಡಿದವನ ಮಾನ ಏನಾದೀತು? ಅದೂ ಪುಣೆಯ ಸಾಹೇಬರ ಎದುರಿಗೆ. ಸೇಡಿಗೆ ಒಂದು ಸೌಂದರ್ಯವಿದೆ ಎನ್ನುವುದನ್ನು ನಾನು ಆ ಮೆಸ್ಸಿನಲ್ಲಿ, ಶೇಂಗಾ ಚಟ್ನಿಯ ಖಾರದಲ್ಲಿ ಕಂಡುಕೊಂಡೆ.

"ತಗೋರಿ" ಎಂದೆ. "ಎಲ್ಲಾರೂ ತಗೋರಿ."

ಯಾರಿಗೂ ಹೆಚ್ಚು ಒತ್ತಾಯ ಮಾಡಬೇಕಾಗಲಿಲ್ಲ. ಕೆಲವರು ಸ್ನೇಹಕ್ಕೆ ಒಪ್ಪಿದರು, ಕೆಲವರು ಮೋಜಿಗೆ. ಬಹಳಷ್ಟು ಜನ ಒಪ್ಪಿದ್ದು, ಗೊತ್ತಿಲ್ಲದ ಪ್ರಶ್ನೆಗೆ ಪಕ್ಕದವನ ಉತ್ತರ ಸಿಕ್ಕಿತಲ್ಲ ಎಂಬ ಶಾಲಾಮಕ್ಕಳ ನಿಶ್ಚಿಂತೆಗೆ. ನಾನು ಅವರನ್ನು ಕೂಡಿಸಿ ಪಾಠ ಹೇಳಿದೆ. ವಿಷಯ ಪ್ರವೇಶ, ಬುಟ್ಟಿ. ವಿಷಯ ವಿವರಣೆ, ಮಳೆ, ಮರಿ, ಕಾಲು. ಉಪಸಂಹಾರ, ಕೂಗಲಿಲ್ಲ. ಒಂದು ಮಾತೂ ಬದಲು ಮಾಡಬೇಡಿ ಎಂದು ತಾಕೀತು ಮಾಡಿದೆ. ಇಡೀ ಟ್ರೇನಿಂಗಿನಲ್ಲಿ ನಾನು ಹೇಳಿದ ಅತ್ಯುತ್ತಮ ಪಾಠ ಅದೇ; ಮಾರ್ಕು ಕೊಡುವವರು ಯಾರೂ ಇರಲಿಲ್ಲ.

ಸಾಹೇಬರು ಬಂದರು. ದಪ್ಪ ಮನುಷ್ಯ, ಧಾರವಾಡದಲ್ಲಿ ಕೆಲಸ ಮಾಡಿದ್ದರಿಂದ ಕನ್ನಡ ತಿಳಿಯುತ್ತಿತ್ತು, ಆಡುವುದು ಮರಾಠಿ. ಇನಾಮದಾರ ಸರ್ ಆ ಬಿಸಿಲಿನಲ್ಲೂ ಕೋಟು ಹಾಕಿದ್ದರು. ಮೊದಲು ಎದ್ದವನು ದಕ್ಷಿಣ ಸೋಲಾಪುರದ ಒಬ್ಬ ರೈತನ ಮಗ. ಬುಟ್ಟಿ, ಮಳೆ, ಮರಿ, ಕಾಲು, ಕೂಗಲಿಲ್ಲ. ಅಕ್ಷರ ತಪ್ಪಲಿಲ್ಲ. ಸರ್ ಒಮ್ಮೆ ನನ್ನ ಕಡೆ ನೋಡಿ, ಗಂಟಲು ಸರಿಮಾಡಿಕೊಂಡು, ವ್ಯಾಖ್ಯಾನ ಶುರು ಮಾಡಿದರು. ಎರಡನೆಯವನು ಎದ್ದ. ಅವನೂ ಬುಟ್ಟಿಯ ಕೆಳಗೆಯೇ ಇದ್ದ, ಆದರೆ ಅವನ ಜೊತೆ ಒಂದು ನಾಯಿಯೂ ಇತ್ತು.

ಕಾಪಿ ಮಾಡುವವರ ಧರ್ಮ ನನಗೆ ಮರೆತೇ ಹೋಗಿತ್ತು. ಕಾಪಿ ಮಾಡಿದ್ದು ಗೊತ್ತಾಗಬಾರದೆಂದು ಜಾಣ ಹುಡುಗ ಒಂದೆರಡು ಮಾತು ತನ್ನದು ಸೇರಿಸುತ್ತಾನೆ. ಇವರು ಪ್ರತಿಯೊಬ್ಬರೂ ಸೇರಿಸಿದರು. ಗಿರಣಿ ಕೆಲಸಗಾರನ ಮಗನೊಬ್ಬ ಕುರಿಯನ್ನು ಹತ್ತಿರದಿಂದ ಕಂಡವನೇ ಅಲ್ಲ, ತಾನು ಕೂತದ್ದು ಕೋಳಿ ಬುಟ್ಟಿಯ ಕೆಳಗೆ ಎಂದ. ಇನ್ನೊಬ್ಬನ ಮಳೆಯಲ್ಲಿ ಆಲಿಕಲ್ಲು ಬಿದ್ದವು. ಮತ್ತೊಬ್ಬನಿಗೆ ಕಾಲುಗಳಲ್ಲಿ ಅಜ್ಜಿಯ ಬೆಳ್ಳಿ ಕಡಗ ಕಂಡಿತು. ಶಿವಲಿಂಗ ಎದ್ದು ಕೈಕಟ್ಟಿ ನಿಂತು, "ಬೆಲ್ಲದ ಬುಟ್ಟಿ ಕೆಳಗ ಇದ್ದೆರಿ ಸರ್. ಮರಿ ಇದ್ದಿಲ್ರಿ, ಇರುವಿ ಭಾಳ ಇದ್ದುವು. ಆದ್ರೂ ಕೂಗಲಿಲ್ರಿ" ಎಂದ. ಸಾಹೇಬರು ಮೊದಲು ಮುಗುಳುನಕ್ಕರು, ಆಮೇಲೆ ಹುಬ್ಬು ಗಂಟಿಕ್ಕಿದರು, ಆಮೇಲೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಸರ್ ವ್ಯಾಖ್ಯಾನ ಮಾಡುವುದನ್ನು ಬಿಟ್ಟು ಬಹಳ ಹೊತ್ತಾಗಿತ್ತು. ಅವರ ಕೋಟಿನ ಬೆನ್ನು ಬೆವರಿನಿಂದ ಕಪ್ಪಾಗಿತ್ತು. ನಾನು ಆ ಬೆನ್ನನ್ನು ನೋಡುತ್ತ ಕೂತೆ. ಬಾರ್ಶಿಯೂ ಮರೆತಿತ್ತು, ಅಕ್ಕಲಕೋಟೆಯೂ ಮರೆತಿತ್ತು. ನನ್ನ ಮದುವೆಯ ದಿನವೂ ನಾನು ಅಷ್ಟು ಸಂತೋಷಪಟ್ಟಿಲ್ಲ. ಇದನ್ನು ಓದುವವರು ನನ್ನ ಮನೆಯಲ್ಲಿ ಹೇಳಬಾರದು.

"ಇನಾಮದಾರ, ಹೇ ಕಾಯ್? ಸಗಳೇಚ್ ಬುಟ್ಟೀಖಾಲೀ?" ಎಂದರು ಸಾಹೇಬರು. ಇದೇನು, ಎಲ್ಲರೂ ಬುಟ್ಟಿಯ ಕೆಳಗೆಯೇ ಇದ್ದರೇ ಎಂದು.

ಸರ್ ಕನ್ನಡಕ ತೆಗೆದರು. ಕೋಟಿನ ಅಂಚಿನಿಂದ ಒರೆಸಿದರು. ಮತ್ತೆ ಹಾಕಿಕೊಂಡು ವರ್ಗವನ್ನೆಲ್ಲ ಒಮ್ಮೆ ನೋಡಿದರು, ಕೊನೆಗೆ ನನ್ನನ್ನು. ನಾನು ತಯಾರಾಗಿದ್ದೆ. ಸಿಟ್ಟಾಗಲಿ, ಅಳಲಿ, ಎರಡಕ್ಕೂ ತಯಾರಾಗಿದ್ದೆ.

"ಸುಳ್ಳು ಹೇಳ್ಯಾರ ಸಾಹೇಬ್ರ" ಎಂದರು ಮೆಲ್ಲಗೆ. "ನನಗೂ ಗೊತ್ತದ, ನಿಮಗೂ ಗೊತ್ತಾಗ್ಯದ. ಆದ್ರ ಒಂದು ಮಾತು ಕೇಳ್ರಿ. ಮಳಿಗಾಲದಾಗ ಈ ವರ್ಗದೊಳಗ ಒಬ್ಬಾವ ಬುಟ್ಟಿ ಕೆಳಗ ಒಬ್ಬನ ಕುಂತಿದ್ದ. ಎಲ್ಲಾರೂ ಅವನ್ನ ನೋಡಿ ನಕ್ಕರು, ನಾನೂ ನಗಲಿಕ್ಕೆ ಬಿಟ್ಟೆ. ಇವತ್ತ ನೋಡ್ರಿ, ಎಲ್ಲಾರೂ ಎದ್ದು ಹೋಗಿ ಅವನ ಬಾಜೂಕ ಕುಂತಾರ. ನನ್ನ ಶಾಸ್ತ್ರ ಇದಕ್ಕಿಂತ ಹೆಚ್ಚಿಗಿ ಏನೂ ಹೇಳಂಗಿಲ್ಲ."

ಸಾಹೇಬರು ಮೇಜಿನ ಮೇಲೆ ಅಂಗೈ ಬಡಿದರು. "ವಾಹ್, ಇನಾಮದಾರ. ವಾಹ್."

ನಾನು ಸುತ್ತ ನೋಡಿದೆ. ಕಾಪಿ ಮಾಡಲು ಬಂದಿದ್ದ ಆ ನಲವತ್ತು ಮಂದಿಗೂ ತಾವು ಮಾಡಿದ್ದು ಒಂದು ಮಹತ್ಕಾರ್ಯವೆಂದು ಅದೇ ಆಗ ಗೊತ್ತಾಗಿತ್ತು. ಗೊತ್ತಾದ ಕೂಡಲೇ ನಂಬಿಬಿಟ್ಟಿದ್ದರು. ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ಶಿವಲಿಂಗ ಹಿಂದಿನಿಂದ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟ, ಅಣ್ಣತಮ್ಮಂದಿರು ಇಡುವ ಹಾಗೆ. ನಾನು ಆ ಕೈಯನ್ನು ತಳ್ಳದೆ ಹಾಗೇ ಇರಲು ಬಿಟ್ಟೆ. ಅದಕ್ಕೂ ಇನಾಮದಾರ ಸರ್ ಅವರೇ ಹೊಣೆ. ಒಬ್ಬ ಮನುಷ್ಯ ತಿಂಗಳುಗಟ್ಟಲೆ ಸಾಕಿ ಬೆಳೆಸಿದ ಸೇಡನ್ನು ಹಾಡುಹಗಲಿನಲ್ಲಿ ಎತ್ತಿಕೊಂಡು ಹೋಗಿ ತಮ್ಮ ಹಟ್ಟಿಯಲ್ಲಿ ಕಟ್ಟಿಕೊಂಡರು.

ಅವರಿಗೆ ಪುಣೆ ಸಿಕ್ಕಿತು. ಹೋಗುವ ಮೊದಲು ನನ್ನನ್ನು ಮತ್ತೆ ವರಾಂಡಕ್ಕೆ ಕರೆದರು. "ಈಗ ಅಕ್ಕಲಕೋಟಿಗೆ ಹೋಗ್ರಿ. ಈಗ ನಿಮಗ ಸಣ್ಣ ಸಾಲಿ ನಡೀತದ. ಶಿಫಾರಸ ಮಾಡೀನಿ." ಈ ಭಿಕ್ಷೆ ನನಗೆ ಬೇಡ ಎಂಬ ಅರ್ಥದ ಒಂದು ಭಾಷಣ ನನ್ನ ಹತ್ತಿರ ಸಿದ್ಧವಿತ್ತು. "ಉಪಕಾರ ಆತ್ರಿ ಸರ್" ಎಂದೆ. ಸೇಡು ಬೇರೆ, ನೌಕರಿ ಬೇರೆ.

ವೈಶಾಖದಲ್ಲಿ ಕರಜಗಿಗೆ ಹೋದೆ. ಅವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಸಿದ್ದ ಗೋಡೆಗೆ ಒರಗಿ ಬೀಡಿ ಸೇದುತ್ತಿದ್ದ. ಸಿದ್ದನ ಬಗ್ಗೆ ಒಂದು ಮಾತು ಹೇಳಬೇಕು. ಊರಿನಲ್ಲಿ ಯಾರ ಮನೆಯಲ್ಲಿ ಏನೇ ನಡೆಯಲಿ, ಕರೆಯದಿದ್ದರೂ ಅವನು ಇರುತ್ತಾನೆ. ಡೊಳ್ಳಿನ ಮೇಳದಲ್ಲಿ ಅವನ ದನಿ ಮೈಂದರ್ಗಿಗೆ ಕೇಳುತ್ತದೆ ಎನ್ನುತ್ತಾರೆ. ನಾನು ಬುಟ್ಟಿಯ ಕಥೆಯನ್ನೆಲ್ಲ ಸಾಹೇಬರು ಮೇಜು ಬಡಿದ ತನಕ ಹೇಳಿದೆ. ಅವ್ವ ಮೊರವನ್ನು ಕೆಳಗಿಟ್ಟಳು.

"ಯಾವ ಬುಟ್ಟಿನೋ?"

"ಭೀಮಾ ದಂಡಿ ಮ್ಯಾಲ ಹಟ್ಟಿ ಇದ್ದಾಗ, ಮಳಿ ಬಂದು, ನೀವೆಲ್ಲಾ ಹುಡುಕ್ಯಾಡಿದ್ರಲ್ಲ."

"ಅಂವ ಸಿದ್ದ."

"ಅಲ್ಲಬೇ, ನಾನು."

"ನೀ ಎಲ್ಲಿದ್ದಿ? ಇನ್ನ ಹುಟ್ಟೇ ಇದ್ದಿಲ್ಲ. ಅದರ ಮುಂದಿನ ವರ್ಸ ಹುಟ್ಟಿದಿ ನೀ."

ಹುಟ್ಟುವ ಮೊದಲಿನ ನೆನಪನ್ನು ಮೊದಲ ನೆನಪೆಂದು ಹೇಳಿದವನಿಗೆ ಆ ಶಾಸ್ತ್ರದಲ್ಲಿ ಯಾವ ಮೆಟ್ಟಿಲು ಕಾದಿರಿಸಿದ್ದಾರೋ ನನಗೆ ತಿಳಿಯದು. ಸಿದ್ದನ ಕಡೆ ತಿರುಗಿದೆ. ಅವನು ಹೊಗೆ ಬಿಟ್ಟು ಕಾಲು ಚಾಚಿದ.

"ನಂದ ಅದು. ಸಣ್ಣಾವಿದ್ದಾಗ ನಿನಗ ದಿನಾ ಹೇಳತಿದ್ದೆ, ಹೇಳಿದ್ರ ಸುಮ್ಮನ ಮಲಗತಿದ್ದಿ. ಮಾಸ್ತರ ಆಗಿ ಅಣ್ಣನ ಬುಟ್ಟೀನೂ ಹೊಡಕೊಂಡಿ ಅನ್ನು."

"ಒಳಗ ಬೆಚ್ಚಗ ಇತ್ತಲ್ಲ?"

"ಎಲ್ಲೀ ಬೆಚ್ಚಗ. ಮರಿ ಉಚ್ಚಿ ಹೊಯ್ದಿದ್ದುವು."

"ಮತ್ತ ನೀ ಯಾಕ ಕೂಗಲಿಲ್ಲ?"

"ಕೂಗಲಿಲ್ಲಾ? ಒದರಿ ಒದರಿ ಗಂಟ್ಲಾ ಹರಕೊಂಡಿದ್ದೆ. ಮಳಿ ಸಪ್ಪಳದಾಗ ಈಕಿಗೆ ಕೇಳಿಸಲಿಲ್ಲ." ಅವ್ವನಿಗೆ ಇಷ್ಟು ವರ್ಷಗಳ ನಂತರವೂ ಅದಕ್ಕೆ ಸಿಟ್ಟು ಬಂತು, ಕಾಳು ತುಂಬಿದ ಮೊರವನ್ನೇ ಅವನ ಕಡೆ ಬೀಸಿದಳು.

ನಾನು ಎದ್ದು ಅಂಗಳಕ್ಕೆ ಹೋದೆ. ಬುಟ್ಟಿ ಸಿದ್ದನದು. ಮಳೆ, ಮರಿ, ಕಾಲು, ಎಲ್ಲವೂ ಅವನವು. ಕೂಗದೆ ಕೂತದ್ದು ಮಾತ್ರ ಅವನದಲ್ಲ. ಅದನ್ನು ಸೇರಿಸಿದವನು ನಾನು, ಯಾವಾಗ ಎಂದು ನನಗೇ ಗೊತ್ತಿಲ್ಲ. ನಲವತ್ತು ಮಂದಿ ನಾಯಿ, ಕೋಳಿ, ಇರುವೆ ಸೇರಿಸಿದ ಹಾಗೆ, ಅವರೆಲ್ಲರಿಗಿಂತ ಮೊದಲು ಕಾಪಿ ಮಾಡಿದ ನಾನು ಇದೊಂದನ್ನು ನನ್ನದೆಂದು ಸೇರಿಸಿದ್ದೆ. ಇನಾಮದಾರ ಸರ್ ಬೆರಳಿಟ್ಟು ತೋರಿಸಿದ್ದು ಸರಿಯಾಗಿ ಅದನ್ನೇ.

ಅಕ್ಕಲಕೋಟೆಯ ಶಾಲೆಗೆ ಸೇರಿಕೊಂಡೆ. ಮುಂದಿನ ಶ್ರಾವಣದಲ್ಲಿ ಸರ್ ಪುಣೆಯಿಂದ ಮಾಸ್ತರರಿಗೆ ಭಾಷಣ ಮಾಡಲು ಅಲ್ಲಿಗೆ ಬಂದರು. ಆ ಹೊತ್ತಿಗೆ ಬುಟ್ಟಿಯ ಹುಡುಗನ ಕಥೆ ಅವರ ಭಾಷಣಗಳ ಮುಕುಟಮಣಿಯಾಗಿತ್ತು. ಹಿಂದಿನ ಸಾಲಿನಲ್ಲಿ ಕೂತು ನಾನೂ ಕೇಳಿದೆ. ನಾಯಿಯನ್ನೂ ಬೆಳ್ಳಿ ಕಡಗವನ್ನೂ ಅವರು ಉಳಿಸಿಕೊಂಡಿದ್ದರು, ಇರುವೆಗಳನ್ನು ಬಿಟ್ಟಿದ್ದರು. ಸಂಜೆ ಅವರನ್ನು ಬಸ್ಸಿಗೆ ಕಳಿಸಲು ಹೋದವನು ನಾನೇ. ಸಣ್ಣಗೆ ಹನಿಯುತ್ತಿತ್ತು. ಅವರು ಕಿಟಕಿಯ ಪಕ್ಕ ಕೂತು ಹೊರಗೆ ಬಾಗಿದರು.

"ಬೀರಪ್ಪ, ಆ ಬುಟ್ಟಿ ಬಗ್ಗೆ ಇನ್ನೇನಾದ್ರೂ ನೆನಪಾತೇನ್ರಿ? ಒಮ್ಮೊಮ್ಮೆ ಆಮ್ಯಾಲ ತಿಳೀತಾವ. ಮನಿಯಾಗ ಕೇಳಿದ್ರೇನು?"

ಬಾಯಿಯ ತನಕ ಬಂದಿತ್ತು. ನೆನಪು ನನ್ನದಲ್ಲ, ಅದರೊಳಗಿನ ಸುಳ್ಳು ಮಾತ್ರ ನನ್ನದು ಎಂದು ಒಂದೇ ಮಾತು ಹೇಳಿದ್ದರೆ, ಆ ಮನುಷ್ಯನಿಗೆ ಅವನ ಶಾಸ್ತ್ರ ಅಷ್ಟು ಸ್ವಚ್ಛವಾಗಿ ನಿಜವಾದದ್ದು ಜನ್ಮದಲ್ಲಿ ಇನ್ನೊಮ್ಮೆ ಕಾಣಸಿಗುತ್ತಿರಲಿಲ್ಲ. ಮುಖ ಅರಳುತ್ತಿತ್ತು. ಬಹುಶಃ ಇಳಿದು ಬಂದು ನನ್ನ ಕೈ ಹಿಡಿಯುತ್ತಿದ್ದರು.

"ಏನೂ ಇಲ್ರಿ ಸರ್."

"ಏನೂ ಇಲ್ಲ?"

"ಏನೂ ಇಲ್ಲ."

ಕಂಡಕ್ಟರ್ ಗಂಟೆ ಎಳೆದ. ಅವರು ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದರು, ಏನೋ ಉಳಿದಿದೆ ಎಂದು ತಿಳಿದವರ ಹಾಗೆ. ನಾನು ಮಳೆಯಲ್ಲಿ ನಿಂತು, ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ, ಬಹಳ ಗೌರವದಿಂದ ಕೈಮುಗಿದೆ.